ಸದ್ದಿಗೊಂದು ಕೊಳವೆ, ಬೆಳಕಿಗೊಂದು ನೂಲು

ಹೊನ್ನಾಳಿ

ಕೂಸಿನ ಕಿವಿಯಲ್ಲಿ ಹೆಸರು ಕೂಗುವುದಕ್ಕೆಂದು ಸಮುದ್ರ ದಾಟಿದವಳು ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಲಂಡನ್ ನೋಡಿಬಂದವರು ಈಗ ಚನ್ನಗಿರಿಯಲ್ಲೂ ಸಿಗುತ್ತಾರೆ. ಅವರು ಗಡಿಯಾರದ ಗೋಪುರ ನೋಡಿದ್ದಾರೆ, ರಾಣಿಯ ಅರಮನೆ ನೋಡಿದ್ದಾರೆ. ನಾನು ಎರಡನ್ನೂ ನೋಡಲಿಲ್ಲ. ಒಂದು ಆಸ್ಪತ್ರೆಯ ವರಾಂಡ, ಒಂದು ಗಾಜಿನ ಗೋಡೆ, ಅದರಾಚೆ ನನ್ನ ಮೊಮ್ಮಗಳು. ಇಷ್ಟೇ ನಾನು ಕಂಡ ಇಂಗ್ಲೆಂಡು. ಆದರೂ ಹೇಳಹೊರಟರೆ ಬಾಯಿ ನಿಲ್ಲುವುದಿಲ್ಲ. ಕೇಳಿ ಕೇಳಿ ಮನೆಯವರ ಕಿವಿ ಸವೆದಿದೆ, ಅದಕ್ಕೇ ಬರೆಯಲು ಕೂತೆ. ನಾನು ಓದಿದ್ದು ಬಿಳಿಚೋಡಿನ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ. ಒತ್ತಕ್ಷರ ಜಾರಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ಕೊಟ್ಟದ್ದು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಗೆ. ನನ್ನ ಮಗಳು ಗಿರಿಜ ಓದಿನಲ್ಲಿ ಮುಂದೆ, ಓದುತ್ತ ಓದುತ್ತ ಇಂಗ್ಲೆಂಡಿನ ಒಂದು ಬಂದರು ಊರಿನ ಕಾಲೇಜಿಗೆ ಹೋದಳು. ಅವಳ ಕೆಲಸ ಗಾಜನ್ನು ಕಾಯಿಸಿ ಕೂದಲಿನಷ್ಟು ತೆಳ್ಳಗೆ ಎಳೆದು ಅದರೊಳಗೆ ಬೆಳಕು ಹರಿಸುವುದು. ಅವಳ ಗಂಡ ಕೊಟ್ರೇಶಿ ಹೊನ್ನಾಳಿಯವನು. ಅದೇ ಕಾಲೇಜಿನಲ್ಲಿ ಅವನ ಕೆಲಸ ಕೊಳವೆಯೊಳಗೆ ಸದ್ದು ಹೇಗೆ ಹರಿಯುತ್ತದೆ ಎಂದು ನೋಡುವುದು. ಇದನ್ನು ನಾನು ನ್ಯಾಮತಿಯ ಅಂಗಡಿಯಲ್ಲಿ ಅಂಟು, ಕೊಬ್ಬರಿ ಕೊಳ್ಳುವಾಗ ಹೇಳಿದೆ. ಅಂಗಡಿಯವರು ತಕ್ಕಡಿ ಕೆಳಗಿಟ್ಟು, ಗಂಡ ಹೆಂಡತಿ ಇಬ್ಬರೂ ಕೊಳಾಯಿ ಕೆಲಸದವರೇ ಅನ್ನಿ ಎಂದರು. ನಾನೂ ಹೂಂ ಎಂದೆ. ಆಗ ನನಗೂ ಅಷ್ಟೇ ತಿಳಿದಿದ್ದು.

ಗಿರಿಜ ಬಸುರಿ ಎಂದು ಗೊತ್ತಾದಾಗ ಬಾಣಂತನಕ್ಕೆ ನಾನೇ ಹೋಗುವುದು ಎಂದಾಯಿತು. ಹೊರಡುವ ಮೊದಲು ಬೀಗರ ಮನೆಗೆ ಹೋದೆ. ಅಲ್ಲಿ ಕೊಟ್ರೇಶಿಯ ಅಕ್ಕ ಚನ್ನಬಸಮ್ಮ ಇದ್ದಾಳೆ. ತಾಯಿ ಹಾಲಮ್ಮ ತೀರಿದ ಮೇಲೆ ತಮ್ಮನನ್ನು ಸಾಕಿದವಳು ಅವಳೇ. ಹುಬ್ಬು ಏರಿಸಿದಳೆಂದರೆ ಇಡೀ ಮನೆ ಸುಮ್ಮನಾಗುತ್ತದೆ.

ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ಬಗ್ಗಿ, ಕಿವಿಗೆ ಬಾಯಿಟ್ಟು, ಕುರ್ರ್ ಎಂದು ಮೂರು ಸಲ ಹೆಸರು ಕೂಗಬೇಕು. ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅದಾಗದೆ ಕೂಸಿಗೆ ಹೆಸರಿಲ್ಲ. ಸೋದರತ್ತೆಯೆಂದರೆ ಚನ್ನಬಸಮ್ಮನೇ. ಅವಳಿಗೆ ವಿಮಾನ ಹತ್ತಲು ಮೊಣಕಾಲು ಬಿಡವು.

ಅವಳು ನನ್ನ ಕೈ ಹಿಡಿದುಕೊಂಡಳು. "ನಾನು ಬರಾಕೆ ಆಗಲ್ಲ ಬೀಗರೆ. ನನ್ನ ಬಾಯಿ ನಿಮಗೆ ಕೊಟ್ಟು ಕಳಿಸ್ತೀನಿ. ಹೆಣ್ಣಾದ್ರೆ ನಮ್ಮವ್ವನ ಹೆಸರು ಕೂಗ್ರಿ. ಆದ್ರೆ ನೀವೇ ಕೂಗಬೇಕು, ಕಿವ್ಯಾಗೇ ಕೂಗಬೇಕು. ಬ್ಯಾರೆ ಯಾರೋ ದೂರ ನಿಂತು ಅಂದದ್ದನ್ನ ನಾನು ಹೆಸರು ಅನ್ನಲ್ಲ."

ಆಗಲಿ ಎಂದು ಮಾತು ಕೊಟ್ಟೆ. ಎಷ್ಟು ಸಲೀಸಾಗಿ ಕೊಟ್ಟೆ ನೋಡಿ. ಕಿವಿ ಅಲ್ಲಿರುತ್ತದೆ, ಬಾಯಿ ನನ್ನ ಹತ್ತಿರ ಇದೆ, ಕೂಗಲಿಕ್ಕೆ ಏನು ಕಷ್ಟ ಅಂದುಕೊಂಡಿದ್ದೆ. ಅವಳು ಹೊಲಿದ ಕುಲಾವಿಯನ್ನು ಅಂಟಿನುಂಡೆಯ ಡಬ್ಬಿಯ ಮೇಲಿಟ್ಟುಕೊಂಡು ಹೊರಟೆ.

ಆಕಾಶದಲ್ಲಿ

ಬೊಂಬಾಯಿಯಲ್ಲಿ ವಿಮಾನ ಹತ್ತಿಸಿ ನಡುವಿಗೆ ಪಟ್ಟಿ ಬಿಗಿದರು. ನನ್ನ ತಲೆಯ ಮೇಲೆ ಸರಿಯಾಗಿ ಒಂದು ತೂತು. ಅದರಿಂದ ಚಳಿಗಾಳಿ ನೆಟ್ಟಗೆ ನೆತ್ತಿಗೆ ಬೀಳುತ್ತಿತ್ತು. ಅದನ್ನು ತಿರುವಿ ಮುಚ್ಚಬಹುದೆಂದು ನನಗೇನು ಗೊತ್ತು. ಪಕ್ಕದಲ್ಲಿ ಗುಜರಾತಿ ಯಜಮಾನರೊಬ್ಬರು ಕೂತಿದ್ದರು, ಬಹಳ ಒಳ್ಳೆಯವರು. ನಾನು ತೂತಿನ ಕಡೆ ಬೆರಳು ತೋರಿಸಿ ಸೆರಗು ಅಲ್ಲಾಡಿಸಿದೆ. ಸೆಖೆಯಾಗುತ್ತಿದೆ ಅಂದುಕೊಂಡರೋ ಏನೋ, ಎದ್ದು ನಿಂತು ತಮ್ಮ ತಲೆಯ ಮೇಲಿನ ತೂತನ್ನೂ ನನ್ನ ಕಡೆಗೇ ತಿರುಗಿಸಿದರು. ಆಮೇಲೆ ಎರಡು ಕಡೆಯ ಗಾಳಿ. ಅಷ್ಟು ಪ್ರೀತಿಯಿಂದ ಮಾಡಿದವರಿಗೆ ಬೇಡ ಅನ್ನುವುದು ಹೇಗೆ, ತಲೆಗೆ ಸೆರಗು ಸುತ್ತಿ ಕೈ ಮುಗಿದೆ. ಅವರೂ ಕೈ ಮುಗಿದರು.

ಇಳಿಯುವಾಗ ಮೂಗು ಕಟ್ಟಿತ್ತು, ಗಂಟಲಲ್ಲಿ ಹೊಟ್ಟು ಸಿಕ್ಕ ಹಾಗೆ ಕೆರೆತ. ನೆಗಡಿ ತಾನೇ, ಮೆಣಸಿನ ಕಷಾಯ ಕುಡಿದರೆ ಹೋಗುತ್ತದೆ ಎಂದುಕೊಂಡೆ.

ಬಂದರು ಊರು

ಕರೆದೊಯ್ಯಲು ಕೊಟ್ರೇಶಿ ಒಬ್ಬನೇ ಬಂದಿದ್ದ. ಕಣ್ಣು ಕೆಂಪಗಿದ್ದವು. ನನ್ನ ಗಂಟು ಕೈಗೆ ತೆಗೆದುಕೊಂಡು, ಅದರ ಹಗ್ಗ ಬಿಗಿ ಮಾಡುತ್ತ, ನೆಲ ನೋಡಿಕೊಂಡು ಹೇಳಿದ.

"ಅತ್ತೆ, ಕೂಸು ಬಂದುಬಿಟ್ಟೈತೆ. ಹೆಣ್ಣು. ದಿನ ತುಂಬಿರಲಿಲ್ಲ."

ನನಗೆ ಮೊದಲು ಬಾಯಿಗೆ ಬಂದ ಮಾತು ಒಂದೇ. "ಅತ್ತಿತೇನ್ರಿ?"

"ಸಣ್ಣಗೆ ಅತ್ತಿತು."

ಅಷ್ಟು ಸಾಕಾಯಿತು. ದಾರಿಯುದ್ದಕ್ಕೂ ಹಸಿರು ಹೊಲ, ಅದರಲ್ಲಿ ಕುರಿ, ಕುರಿ ಕಾಯಲು ಮಾತ್ರ ಒಬ್ಬರೂ ಇಲ್ಲ. ಬಿಳಿಚೋಡಿನ ಕಡೆಯವಳಾದ ನನಗೆ ಇದೊಂದು ದೊಡ್ಡ ಆಶ್ಚರ್ಯವಾಗಬೇಕಿತ್ತು. ಕಣ್ಣು ನೋಡಿತು, ಮನಸ್ಸು ನೋಡಲಿಲ್ಲ.

ಆಸ್ಪತ್ರೆಯಲ್ಲಿ ಗಿರಿಜ ನನ್ನ ಭುಜಕ್ಕೆ ಮುಖ ಒತ್ತಿಕೊಂಡಳು. ಆಮೇಲೆ ಕೂಸಿದ್ದ ಕೋಣೆಯ ಬಾಗಿಲಿಗೆ ಕರೆದೊಯ್ದಳು. ಬಾಗಿಲು ತೆಗೆದ ದೊಡ್ಡ ನರ್ಸಮ್ಮ ಎತ್ತರದ ಹೆಂಗಸು, ಇಸ್ತ್ರಿಯ ಗೆರೆ ಮುಖದ ಮೇಲೂ ಇರುವಂಥವಳು. ಅದೇ ಹೊತ್ತಿಗೆ ನನಗೆ ಸೀನು ಬಂತು, ಒಂದರ ಹಿಂದೊಂದು. ನಮ್ಮಲ್ಲಾದರೆ ಹೊರಟಾಗ ಯಾರಾದರೂ ಸೀನಿದರೆ ಒಂದು ಗಳಿಗೆ ಕೂತು ನೀರು ಕುಡಿದು ಹೋಗುತ್ತೇವೆ. ಆಯಮ್ಮ ಬಾಗಿಲೇ ಹಾಕಿದಳು. ಕೆಮ್ಮು ನೆಗಡಿ ಪೂರ್ತಿ ಹೋಗುವ ತನಕ ಈ ಅಜ್ಜಿ ಒಳಗೆ ಕಾಲಿಡುವ ಹಾಗಿಲ್ಲ, ಆ ಕೂಸುಗಳಿಗೆ ಒಂದು ಸೀನು ಸಾಕು ಎಂದಳಂತೆ. ಗಿರಿಜ ಕನ್ನಡದಲ್ಲಿ ಹೇಳುವಾಗ ಇನ್ನೂ ಮೆತ್ತಗೆ ಮಾಡಿ ಹೇಳಿದಳು. ಆದರೆ ಮುಚ್ಚಿದ ಬಾಗಿಲಿಗೆ ಅರ್ಥ ಹೇಳುವವರು ಬೇಕೇ.

ವರಾಂಡದ ಬೆಂಚು

ವರಾಂಡಕ್ಕೂ ಕೋಣೆಗೂ ನಡುವೆ ಗಾಜಿನ ಗೋಡೆ. ಅದರ ಮುಂದೆ ಒಂದು ಬೆಂಚು. ನನ್ನ ಮೊಮ್ಮಗಳು ಕೋಣೆಯ ಆ ತುದಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಬೆಚ್ಚಗೆ ಮಲಗಿದ್ದಳು. ಪೆಟ್ಟಿಗೆಯ ಪಕ್ಕಕ್ಕೆ ಕೈ ಹಾಕಲು ದುಂಡನೆಯ ಕಿಂಡಿಗಳು. ಮೂಗಿಗೆ ನಳಿಗೆ, ಕೈಗೆ ನಳಿಗೆ. ಎಲ್ಲ ಸೇರಿ ನನ್ನ ಮೊಣಕೈ ಉದ್ದ ಇಲ್ಲ, ಆದರೆ ಅದಕ್ಕೆ ಹತ್ತೂ ಬೆರಳು, ಬೆರಳಿಗೆಲ್ಲ ಉಗುರು. ನಮ್ಮ ತೊಗರಿ ಹೊಲದಲ್ಲಿ ಮೊಳಕೆ ಮಣ್ಣು ಒಡೆದು ಬರುವುದನ್ನು ನೋಡಿದ್ದೇನೆ. ಅಷ್ಟೇ ಬಡಕಲು, ಅಷ್ಟೇ ಹಟ. ನೋಡಿ ನೋಡಿ ನನಗೆ ತೃಪ್ತಿಯಾಗಲಿಲ್ಲ.

ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ಬಿಳಿ ಅಜ್ಜಿ ಕೂತಿರುತ್ತಿದ್ದಳು. ಅವಳ ಮೊಮ್ಮಗನೂ ಒಳಗಿದ್ದ. ಬಂದ ಕೂಡಲೇ ನನ್ನ ಕಡೆ ತಲೆ ಬಾಗಿಸುವಳು, ಆಮೇಲೆ ಉಣ್ಣೆ ಹೆಣೆಯುವಳು, ಹೊರಡುವಾಗ ಮತ್ತೆ ತಲೆ ಬಾಗಿಸುವಳು. ಯಾವ ಊರು, ಎಷ್ಟು ಮಕ್ಕಳು, ಕೂಸಿಗೆ ಏನಾಗಿದೆ, ಒಂದೂ ಕೇಳುವುದಿಲ್ಲ. ನಮ್ಮ ದಾವಣಗೆರೆ ಬಸ್ಸಿನಲ್ಲಾದರೆ ಚನ್ನಗಿರಿ ದಾಟುವಷ್ಟರಲ್ಲಿ ಪಕ್ಕದವಳ ನಾದಿನಿಯ ಜಾತಕವೂ ಗೊತ್ತಾಗಿರುತ್ತದೆ. ನಾನು ಕೆಮ್ಮಿದಾಗ ಅವಳು ಒಂದು ಮಿಠಾಯಿಯನ್ನು ಬೆಂಚಿನ ಮೇಲಿಟ್ಟು, ಬೆರಳ ತುದಿಯಿಂದ ನನ್ನ ಕಡೆ ತಳ್ಳಿದಳು. ನಾನು ಅಂಟಿನುಂಡೆ ತಳ್ಳಿದೆ. ಅಷ್ಟೇ ನಮ್ಮ ಮಾತುಕತೆ.

ಒಂದು ಮಧ್ಯಾಹ್ನ ಕೂಸು ಉಸಿರಿಗೆ ಒದ್ದಾಡತೊಡಗಿತು. ಡಾಕ್ಟರು ಓಡಿಬಂದರು. ಕೋಣೆಯ ದೀಪ ಆರಿಸಿ, ಪರದೆ ಎಳೆದು, ಒಂದು ಬೆಳಕಿನ ಪೆಟ್ಟಿಗೆ ತಂದರು. ಪೆಟ್ಟಿಗೆಯಿಂದ ಹಗ್ಗದಂಥ ಕರಿ ಬಳ್ಳಿಯೊಂದು ಹೊರಟಿತ್ತು. ಬಳ್ಳಿ ಬಗ್ಗುತ್ತಿತ್ತು, ಬೆಳಕೂ ಅದರ ಜೊತೆ ಬಗ್ಗಿ ತುದಿಯಲ್ಲಿ ಹೊಳೆಯುತ್ತಿತ್ತು. ಡಾಕ್ಟರು ಆ ತುದಿಯನ್ನು ಕೂಸಿನ ಎದೆಗೆ ಇಟ್ಟರು. ಎದೆಯ ಒಂದು ಪಕ್ಕ ಪೂರ್ತಿ ಬೆಳಗಿತು. ಮಣ್ಣಿನ ಗೂಡಿನಲ್ಲಿ ಹಣತೆ ಇಟ್ಟ ಹಾಗೆ, ಕೆಂಪಗೆ, ತುಂಬ ಚೆಂದ. ನಾನು ಎದ್ದು ನಿಂತು ಕೈ ಮುಗಿದೆ. ನನ್ನ ಮೊಮ್ಮಗಳ ಒಳಗೆ ದೀಪ ಇದೆ ಎಂದು ಗಿರಿಜಳ ಕಡೆ ತಿರುಗಿದರೆ ಅವಳು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು.

"ಬೆಳಗಬಾರದಿತ್ತು ಅವ್ವಾ," ಅಂದಳು. "ಶ್ವಾಸಕೋಶ ತೂತು ಬಿದ್ದೈತೆ. ಗಾಳಿ ಹೊರಗೆ ಸೋರಿ ಎದ್ಯಾಗೆ ತುಂಬಿಕೊಂಡೈತೆ. ಗಾಳಿ ತುಂಬಿದ ಕಡೆ ಬೆಳಕು ಹರಡ್ತತೆ. ಚಂದಾಗಿರೋ ಎದೆ ಕತ್ತಲೆ ಇರಬೇಕು."

ಮುಗಿದ ಕೈ ಹಾಗೇ ನಿಂತಿತು. ಆ ಸೋರಿದ ಗಾಳಿಯನ್ನು ಹೊರಗೆ ಬಿಡಲು ಎದೆಗೆ ಇನ್ನೊಂದು ನಳಿಗೆ ಹಾಕಿದರು. ಮುಂದಿನ ಕೆಲವು ದಿನ ಕಳೆದರೆ ಹೇಳಬಹುದು ಎಂದರು ಡಾಕ್ಟರು. ಕಳೆಯದಿದ್ದರೆ ಎಂದು ಯಾರೂ ಕೇಳಲಿಲ್ಲ.

ನಾನು ಕೇಳಿದ್ದು ಬೇರೆ. ಒಳಗೆ ಹೋಗಿ ಒಂದೇ ಸಲ ಹೆಸರು ಕೂಗಿ ಬರುತ್ತೇನೆ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ ಎಂದೆ. ನರ್ಸಮ್ಮ ಆಗದು ಎಂದಳು. ಬೇಕಾದರೆ ಹೆಸರು ನನಗೆ ಕಲಿಸಿ, ನಾನೇ ಕಿವಿಯಲ್ಲಿ ಹೇಳುತ್ತೇನೆ ಎಂದಳು, ಪಾಪ. ಆದರೆ ನನ್ನ ಬಾಯಲ್ಲಿದ್ದದ್ದು ಚನ್ನಬಸಮ್ಮನ ಬಾಯಿ. ಅದನ್ನು ಇನ್ನೊಬ್ಬರಿಗೆ ದಾಟಿಸುವ ಅಧಿಕಾರ ನನಗಿಲ್ಲ. ಹೆಸರಿಲ್ಲದ ಕೂಸು ಯಾರದೆಂದು ದೇವರು ಗುರುತು ಹಿಡಿಯುವುದು ಹೇಗೆ? ಇದನ್ನು ಗಿರಿಜಳಿಗೆ ಹೇಳಲಿಲ್ಲ. ಅವಳೂ ಅದನ್ನೇ ಯೋಚಿಸುತ್ತಿದ್ದಳು ಎಂದು ಆಮೇಲೆ ತಿಳಿಯಿತು.

ಮಗಳ ಅಡುಗೆಮನೆ

ಮಾರನೆಯ ಬೆಳಿಗ್ಗೆ ಗಿರಿಜ ಊಟ ಮುಟ್ಟದೆ ಕೂತಿದ್ದಳು. ಏನಾದರೂ ಮಾತಾಡಿಸಬೇಕಲ್ಲ. ಆ ಬಳ್ಳಿಯೊಳಗೆ ಬೆಳಕು ಬಗ್ಗಿದ್ದು ಹೇಗೆ, ಬೆಳಕು ನೆಟ್ಟಗೆ ತಾನೇ ಹೋಗುವುದು ಎಂದು ಕೇಳಿದೆ. ಅದರೊಳಗೆ ಗಾಜಿನ ನೂಲಿನ ಕಂತೆ ಇದೆ, ನಾನು ಎಳೆಯುವುದೂ ಅಂಥದ್ದೇ ಎಂದಳು. ನನಗೆ ಅರ್ಥವಾಗಲಿಲ್ಲ ಎಂದೆ. ಆಗ ಎದ್ದಳು. ಪರದೆ ಎಳೆದು ಅಡುಗೆಮನೆ ಕತ್ತಲೆ ಮಾಡಿದಳು. ಪ್ಲಾಸ್ಟಿಕ್ ಬಾಟಲಿಯ ಬದಿಗೆ ಮೊಳೆಯಿಂದ ತೂತು ಹಾಕಿ ನೀರು ತುಂಬಿದಳು. ತೂತಿನಿಂದ ನೀರು ಕಮಾನಿನ ಹಾಗೆ ಬಾಗಿ ಬಚ್ಚಲಿಗೆ ಬಿತ್ತು. ಬಾಟಲಿಯ ಹಿಂದಿನಿಂದ ತೂತಿಗೆ ನೇರವಾಗಿ ಬ್ಯಾಟರಿ ಹಿಡಿದಳು. ಬೆಳಕು ನೆಟ್ಟಗೆ ಗೋಡೆಗೆ ಹೋಗಲಿಲ್ಲ. ನೀರಿನೊಳಗೇ ಇಳಿದು, ನೀರಿನ ಜೊತೆ ಬಾಗಿ, ನೀರು ಬಿದ್ದಲ್ಲಿ ಬಿತ್ತು. ನಾನು ಅಂಗೈ ಒಡ್ಡಿದೆ. ಕೈಯಲ್ಲಿ ಬೆಳಕು ತುಳುಕಿತು.

"ಆಚೆ ಯಾಕೆ ಹೋಗಲ್ಲ ಅದು?"

"ಸೂಳೆಕೆರ್ಯಾಗೆ ನಾವು ಬಿಲ್ಲೆಕಲ್ಲು ಎಸೀತಿದ್ವಲ್ಲ ಅವ್ವಾ, ನೀನು ಬೈತಿದ್ದೆ. ನೆಟ್ಟಗೆ ಮೇಲಿಂದ ಹಾಕಿದ್ರೆ ಮುಳುಗ್ತಿತ್ತು. ನೀರಿಗೆ ಸವರಿದಂಗೆ ಎಸೆದ್ರೆ ಕುಪ್ಪಳಿಸ್ಕೊಂಡು ಹೋಗ್ತಿತ್ತು. ಇದೂ ಹಂಗೇ. ಅಂಚಿಗೆ ಸವರಿದಂಗೆ ಬಂದ ಬೆಳಕು ಹೊರಗೆ ಹೋಗಲ್ಲ, ಒಳಗೇ ಪುಟೀತತೆ. ಈ ಅಂಚಿಂದ ಆ ಅಂಚಿಗೆ, ಆ ಅಂಚಿಂದ ಈ ಅಂಚಿಗೆ. ಬಾಳ ಜೋರಾಗಿ ಬಗ್ಗಿಸಿದ್ರೆ, ಇಲ್ಲಾ ಅಂಚಿಗೆ ಗೀರು ಬಿದ್ರೆ ಮಾತ್ರ ಸೋರ್ತತೆ."

ಅಂದರೆ ಕಾಲುವೆ. ಬಯಲಿಗೆ ಬಿಟ್ಟ ನೀರು ಹರಡಿ ಇಂಗಿ ಹೋಗುತ್ತದೆ, ದಡ ಕಟ್ಟಿದರೆ ಸೂಳೆಕೆರೆಯ ನೀರು ಎಷ್ಟು ದೂರದ ಗದ್ದೆಗೂ ಬರುತ್ತದೆ. ಬೆಳಕಿಗೂ ಇವರು ದಡ ಕಟ್ಟಿದ್ದಾರೆ. ನನ್ನ ಮಗಳು ಇಷ್ಟು ದಿನ ಮಾಡುತ್ತಿದ್ದದ್ದು ಇದೇ ಎಂದು ತಿಳಿದು ನನಗೆ ಎಷ್ಟು ಹಿಗ್ಗಾಯಿತೆಂದರೆ, ಕಷ್ಟದ ದಿನ ಎಂಬುದನ್ನೂ ಮರೆತು ಅವಳ ಕೆನ್ನೆ ಸವರಿ ದೃಷ್ಟಿ ತೆಗೆದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕೊಟ್ರೇಶಿಗೆ ಕೇಳಿದೆ. "ಅಳಿಯಂದ್ರೆ, ಬೆಳಕಿಗೆ ಆಗಿದ್ದು ಮಾತಿಗೆ ಆಗಲ್ಲೇನ್ರಿ? ನಾನು ಹೊರಗೇ ಇರ್ತೀನಿ. ನನ್ನ ಮಾತಷ್ಟೇ ಒಳಗೆ ಹೋಗಲಿ."

ಅವನು ಚಪ್ಪಲಿ ಮೆಟ್ಟಿದ. ಹಾಗೇ ಹೊರಗೆ ಹೋದವನು ಬರುವಾಗ ಹೆಗಲಿಗೆ ಹೆಬ್ಬೆರಳು ದಪ್ಪದ ಪ್ಲಾಸ್ಟಿಕ್ ಕೊಳವೆಯ ಸುರುಳಿ ಹೊತ್ತು ತಂದ.

ಆಮೇಲೆ ಆ ಮನೆಗೆ ಜೀವ ಬಂತು. ನಾನು ಸೀಮೆಎಣ್ಣೆ ಸುರಿಯುವಂಥ ಲಾಳಿಕೆಯನ್ನು ಬಾಯಿಗೆ ಹಿಡಿದು, ಇದನ್ನೇ ತುದಿಗೆ ಸಿಕ್ಕಿಸಿ ಎಂದೆ. ಅವನು ಒಪ್ಪಲಿಲ್ಲ. ಅಗಲ ದಾರಿ ದಿಢೀರನೆ ಕಿರಿದಾದರೆ, ಕಿರಿದಾದ ದಾರಿ ದಿಢೀರನೆ ಅಗಲವಾದರೆ, ಸದ್ದು ಬೆದರಿ ಅರ್ಧಕ್ಕರ್ಧ ಹಿಂದಕ್ಕೆ ಓಡುತ್ತದಂತೆ. ಸಂದಿಯಿಂದ ಒಮ್ಮೆಗೇ ಬಯಲಿಗೆ ಬಿಟ್ಟ ಕರು ತಿರುಗಿ ಓಡಿಬರುವುದಿಲ್ಲವೇ, ಹಾಗೆ. ಮೆಲ್ಲಗೆ ಮೆಲ್ಲಗೆ ಅಗಲವಾಗಬೇಕು. ಅದಕ್ಕೆ ದಪ್ಪ ಹಾಳೆ ಸುತ್ತಿ ತುತ್ತೂರಿಯಂಥ ಬಾಯಿ ಮಾಡಿದ. ಕೂಸಿನ ಕಡೆಗೂ ಒಂದು ಪುಟ್ಟ ತುತ್ತೂರಿ, ನಾಗಸಂಪಿಗೆ ಹೂವಿನಷ್ಟು.

ಅವ್ವನ ನೆಗಡಿಯ ಉಸಿರೂ ಒಳಗೆ ಹೋದರೆ ಗತಿ ಏನು ಎಂದು ಗಿರಿಜ ಕೇಳಿದಳು. ಅದಕ್ಕೂ ಅವನ ಹತ್ತಿರ ಉಪಾಯವಿತ್ತು. ತಿಂಡಿ ಮುಚ್ಚುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ದೊಡ್ಡ ತುತ್ತೂರಿಯ ಬಾಯಿಗೆ ಡೊಳ್ಳಿನ ಚರ್ಮದ ಹಾಗೆ ಬಿಗಿದು ಕಟ್ಟಿದ. ಉಸಿರು ಹಾಳೆಯಲ್ಲೇ ನಿಲ್ಲುತ್ತದೆ, ಹಾಳೆ ನಡುಗುತ್ತದೆ, ಆ ನಡುಕ ಮಾತ್ರ ಆಚೆ ಹೋಗುತ್ತದೆ. ನಾನು ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟಿದೆ, ಗಿರಿಜ ಮಹಡಿಯ ಕೋಣೆಯಲ್ಲಿ ಕಿವಿಗಿಟ್ಟುಕೊಂಡು ಕೇಳಿದಳು. ಊಟ ಮಾಡು ಎಂದಿದ್ದೆ. ಕೆಳಗಿಳಿದು ಬಂದು ತಟ್ಟೆ ಹಾಕಿಕೊಂಡಳು.

ಒಂದೇ ಒಂದು ವಿಷಯ ನನ್ನ ಮನಸ್ಸಿಗೆ ಒಪ್ಪಲಿಲ್ಲ. ಪೆಟ್ಟಿಗೆಯ ಕಿಂಡಿಗೆ ಇಳಿಯುವ ಜಾಗದಲ್ಲಿ ಕೊಳವೆ ಮೊಣಕೈಯಂತೆ ಬಾಗಬೇಕಿತ್ತು. ಬಾಗಿದರೆ ಅಡ್ಡಿ ಇಲ್ಲ ಎಂದು ಅವನು ಹೇಳಿದ. ಆದರೆ ನಾನು ತವರಿನಲ್ಲಿ ಬಿತ್ತನೆ ಕಂಡವಳು. ಕೂರಿಗೆಯ ಹಿಂದೆ ನಡೆಯುತ್ತ ಸಡ್ಡೆಯಲ್ಲಿ ತೊಗರಿ ಕಾಳು ಬಿಟ್ಟವಳು. ಸಡ್ಡೆ ಎಂದರೆ ತಲೆಗೊಂದು ಬಟ್ಟಲಿರುವ ಬಿದಿರ ಕೊಳವೆ. ಬಿದಿರು ಎಲ್ಲಿ ಸೊಟ್ಟವೋ ಅಲ್ಲಿ ಕಾಳು ಸಿಕ್ಕಿಕೊಳ್ಳುತ್ತದೆ, ಕೆಳಗೆ ಸಾಲು ಖಾಲಿ ಹೋಗುತ್ತದೆ. ಅದಕ್ಕೇ ನಮ್ಮ ಹಿರಿಯರು ಸೊಟ್ಟದ ಹತ್ತಿರ ಒಂದು ಕಣ್ಣು ಕೊರೆದಿರುತ್ತಾರೆ, ಕಡ್ಡಿ ಹಾಕಿ ಕಾಳು ನೂಕಲು. ಅಷ್ಟು ಓದಿದ ಹುಡುಗ ಇದನ್ನು ಮರೆತನಲ್ಲ ಎಂದು ಮರುಕವಾಯಿತು. ಅವನು ಸ್ನಾನಕ್ಕೆ ಹೋದಾಗ ಈರುಳ್ಳಿ ಹೆಚ್ಚುವ ಚಾಕುವಿನಿಂದ ಆ ಬಾಗಿನಲ್ಲಿ ಕಡಲೆಕಾಳಿನಷ್ಟು ತೂತು ಕೊರೆದಿಟ್ಟೆ.

ಕಿಂಡಿ

ನರ್ಸಮ್ಮ ಕೊಳವೆಯನ್ನು ಮೊದಲು ಹಾವು ನೋಡಿದ ಹಾಗೆ ನೋಡಿದಳು. ಗಿರಿಜ, ಕೊಟ್ರೇಶಿ ಇಬ್ಬರೂ ಬಿಡದೆ ವಿವರಿಸಿದರು. ಉಸಿರು ಹೋಗುವುದಿಲ್ಲ ಎಂಬುದಕ್ಕೆ ಏನು ಸಾಕ್ಷಿ ಎಂದು ಅವಳು ಕೇಳಿದಳು. ಆಗ ಬೆಂಚಿನ ಮೇಲಿದ್ದ ಅಜ್ಜಿ, ಇಷ್ಟು ದಿನ ತುಟಿ ಬಿಚ್ಚದಿದ್ದವಳು, ಉಣ್ಣೆಯ ಒಂದು ಎಳೆ ಹರಿದು ಕೊಟ್ಟಳು. ಎಳೆಯನ್ನು ಕೊಳವೆಯ ಆ ತುದಿಗೆ ತೂಗುಬಿಟ್ಟು ಹಿಡಿದರು. ನಾನು ಈ ತುದಿಯಿಂದ ಒಲೆ ಊದುವ ಹಾಗೆ ದಮ್ಮು ಕಟ್ಟಿ ಊದಿದೆ. ಎಳೆ ಅಲುಗಲಿಲ್ಲ. ನರ್ಸಮ್ಮ ಎಳೆಯನ್ನು ನೋಡಿದಳು, ನನ್ನನ್ನು ನೋಡಿದಳು, ಡಾಕ್ಟರನ್ನು ಕೇಳಿ ಬಂದು ಒಪ್ಪಿದಳು.

ಗಾಜಿನ ಗೋಡೆಯಲ್ಲಿ ಸಾಮಾನು ದಾಟಿಸುವ ಸಣ್ಣ ಕಿಂಡಿಯಿತ್ತು. ಕೊಳವೆಯನ್ನು ಔಷಧದ ನೀರಿನಲ್ಲಿ ತೊಳೆದು ಒರೆಸಿ ಅಲ್ಲಿಂದ ಒಳಗೆ ಬಿಟ್ಟರು. ಅದು ಇನ್ನೊಂದು ಕೂಸಿನ ಪೆಟ್ಟಿಗೆಯನ್ನು ಸುತ್ತಿ, ಏರಿ, ಇಳಿದು ನನ್ನ ಮೊಮ್ಮಗಳ ಕಿವಿಯ ಹತ್ತಿರ ಹೋಯಿತು. ಒಳಗೆ ನರ್ಸಮ್ಮನೇ ತುದಿ ಹಿಡಿದಳು.

ನಾನು ಕೆಮ್ಮು ನುಂಗಿಕೊಂಡು ಕುರ್ರ್ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಇನ್ನೂ ಜೋರಾಗಿ ಎಂದೆ. ಮತ್ತೆ ತಲೆ ಅಲ್ಲಾಡಿಸಿದಳು. ಸೊಳ್ಳೆ ಗುಂಯ್‌ಗುಟ್ಟಿದಷ್ಟು ಬರುತ್ತಿದೆ, ನನ್ನ ದನಿ ಮಾತ್ರ ತನ್ನ ಮಣಿಕಟ್ಟಿನ ಹತ್ತಿರ ಕೇಳುತ್ತಿದೆ ಎಂದು ಸನ್ನೆ ಮಾಡಿದಳು. ಮನೆಯಲ್ಲಿ ಮಹಡಿ ಹತ್ತಿದ ಮಾತು ಇಲ್ಲಿ ಕಿವಿ ಮುಟ್ಟಲಿಲ್ಲ. ಗಿರಿಜಳ ಮುಖ ಸಣ್ಣದಾಯಿತು. ಕೊಟ್ರೇಶಿ ಕೈ ತೊಳೆದು, ಮೇಲಂಗಿ ತೊಟ್ಟು ಒಳಗೆ ಹೋದ. ಕೊಳವೆಯುದ್ದಕ್ಕೂ ಬೆರಳು ಆಡಿಸುತ್ತ ಬಂದು ಬಾಗಿನ ಹತ್ತಿರ ನಿಂತ. ಬಾಗಿಲಿಗೆ ಬಂದು ಕೇಳಿದ.

"ಅತ್ತೆ, ಇದನ್ಯಾರು ಕೊರೆದದ್ದು?"

"ನಾನೇ ಕಣ್ರಿ. ಹೆಸರು ಅಲ್ಲಿ ಸಿಕ್ಕೊಂಡ್ರೆ ಕಡ್ಡಿ ಹಾಕಿ ನೂಕಾಕೆ."

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ನಕ್ಕ. ನಗು ತಡೆಯಲಾರದೆ ಗೋಡೆಗೆ ಒರಗಿದ. ನಾನು ಇಂಗ್ಲೆಂಡಿಗೆ ಕಾಲಿಟ್ಟ ಮೇಲೆ ಅವನು ನಕ್ಕದ್ದು ಅದೇ ಮೊದಲು. ಗಿರಿಜಳಿಗೂ ತಗಲಿತು. "ಕಾಳಲ್ಲ ಅತ್ತೆ, ಸದ್ದು ಬಾಗಿನಾಗೆ ಸಿಕ್ಕಲ್ಲ, ಸುತ್ಕೊಂಡು ಹೋಗ್ತತೆ. ತೂತು ಕಂಡ್ರೆ ಮಾತ್ರ ಅಲ್ಲೇ ಇಳಿದುಬಿಡ್ತತೆ," ಎಂದ. ಒಳಗೆ ಹೋಗಿ ನರ್ಸಮ್ಮನಿಗೆ ತೋರಿಸಿದ. ಆಯಮ್ಮ ಏನೂ ಕೇಳದೆ ತನ್ನ ಹೆಬ್ಬೆರಳನ್ನು ತೂತಿನ ಮೇಲೆ ಒತ್ತಿದಳು, ಕೊಳಲಿನ ಮೇಲೆ ಬೆರಳಿಟ್ಟ ಹಾಗೆ. ನನ್ನ ಕಡೆ ನೋಡಿ ಕಣ್ಣಲ್ಲೇ ಹೂಂ ಎಂದಳು.

ಇನ್ನೇನು ಕೂಗಬೇಕು, ಆಗ ನೆನಪಾಯಿತು. ಗುದ್ದುವವರು ಯಾರು? ಗಿರಿಜ ಕೂಸಿನ ತಾಯಿ, ಅವಳು ಗುದ್ದುವಂತಿಲ್ಲ. ಗಿರಿಜ ಬೆಂಚಿನ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಅಜ್ಜಿ ಹೆಣಿಗೆ ಕೆಳಗಿಟ್ಟಳು, ನನ್ನ ಹಿಂದೆ ಬಂದು ನಿಂತಳು, ಎರಡು ಬೆರಳಿನಿಂದ ಬೆನ್ನು ಮುಟ್ಟಿದಳು, ಮನೆಯಲ್ಲಿ ಯಾರಾದರೂ ಇದ್ದೀರಾ ಎಂದು ಬಾಗಿಲು ತಟ್ಟಿದ ಹಾಗೆ. ಹಾಗಲ್ಲ ಎಂದು ನಾನು ಅವಳ ಕೈಯನ್ನು ಮುಷ್ಟಿ ಮಾಡಿ ತೋರಿಸಿದೆ. ಆಗ ಬಿತ್ತು ನೋಡಿ ಗುದ್ದು. ನಮ್ಮ ಹೊನ್ನಾಳಿಯ ಹೆಂಗಸರೂ ಹಾಗೆ ಗುದ್ದುವುದಿಲ್ಲ.

"ಕುರ್ರ್, ಹಾಲಮ್ಮ," ಎಂದೆ. ಜೋರಾಗಲ್ಲ. ಕಿವಿಗೆ ಬಾಯಿಟ್ಟರೆ ಎಷ್ಟು ಬೇಕೋ ಅಷ್ಟು. ಗುದ್ದು. "ಕುರ್ರ್, ಹಾಲಮ್ಮ." ಗುದ್ದು. ಮೂರನೆಯ ಸಲಕ್ಕೆ ನನ್ನ ದನಿ ಒಡೆಯಿತು. ಕೆಮ್ಮಿನಿಂದಲ್ಲ.

ಗಾಜಿನಾಚೆ ನನ್ನ ಮೊಮ್ಮಗಳು ಆಡಿಸುತ್ತಿದ್ದ ಕೈ ನಿಲ್ಲಿಸಿದಳು. ಕಣ್ಣು ತೆಗೆಯಲಿಲ್ಲ. ಹುಬ್ಬು ಏರಿಸಿದಳು. ಇದೆಲ್ಲಿಂದ ಬಂತು ಎಂದು ಕೇಳುವ ಹಾಗೆ ಎರಡೂ ಹುಬ್ಬು ಮೇಲಕ್ಕೆ ಹೋದವು. ಕೊಟ್ರೇಶಿ ಅದನ್ನು ನೋಡಿ, ಅಕ್ಕ ಎಂದು ಒಂದೇ ಮಾತು ಅಂದು ಮುಖ ಆಚೆ ತಿರುಗಿಸಿದ. ನರ್ಸಮ್ಮ ಹೆಬ್ಬೆರಳು ತೆಗೆಯದೆ ಹಾಗೇ ನಿಂತಿದ್ದಳು. ಆಮೇಲೆ ತಾನಾಗಿ ಬಗ್ಗಿ, ಹಾಲಮ್ಮ ಎಂದಳು. ಲ-ಕಾರ ಎಷ್ಟು ಚೆನ್ನಾಗಿ ಹೇಳಿದಳು ಗೊತ್ತೇ.

ಕತ್ತಲೆ

ಅದಾಗಿ ಕೆಲವು ದಿನಕ್ಕೆ ಡಾಕ್ಟರು ಮತ್ತೆ ಆ ಬೆಳಕಿನ ಬಳ್ಳಿ ತಂದರು. ಪರದೆ ಎಳೆದರು. ನಾವು ಮೂವರೂ ಗಾಜಿಗೆ ಹಣೆ ಹಚ್ಚಿ ನಿಂತೆವು. ಹಿಂದೆ ಹೆಣಿಗೆಯ ಕಡ್ಡಿಗಳ ಸದ್ದೂ ನಿಂತಿತು. ಬಳ್ಳಿಯ ತುದಿ ಎದೆಯ ಹತ್ತಿರ ಬಂತು. ನಾನು ಜೀವಮಾನವಿಡೀ ದೇವರಿಗೆ ದೀಪ ಹಚ್ಚಿದವಳು. ಅಂದು ಮಾತ್ರ ಹಚ್ಚಬೇಡಪ್ಪಾ, ಬೆಳಗಬೇಡ ಎಂದು ಬೇಡಿಕೊಂಡೆ.

ತುದಿ ಮುಟ್ಟಿದಲ್ಲಿ ಕುಂಕುಮದ ಬೊಟ್ಟಿನಷ್ಟು ಕೆಂಪು. ಅದರ ಸುತ್ತ ಏನೂ ಇಲ್ಲ. ಡಾಕ್ಟರು ತುದಿಯನ್ನು ಸರಿಸಿ ಸರಿಸಿ ಇಟ್ಟರು. ಬೊಟ್ಟು ಸರಿಯಿತು, ಬೆಳಕು ಹರಡಲಿಲ್ಲ.

"ಕತ್ತಲೆ ಐತೆ ಅವ್ವಾ," ಎಂದಳು ಗಿರಿಜ.

ಕತ್ತಲೆಗೆ ಕೈ ಮುಗಿದೆ. ಎಂಥ ಚೆಂದದ ಕತ್ತಲೆ ಅದು.

ನನ್ನ ಕೆಮ್ಮು ಹೋದ ದಿನ ನರ್ಸಮ್ಮನೇ ಬಾಗಿಲು ತೆಗೆದು ಕರೆದಳು. ಮೊಮ್ಮಗಳನ್ನು ನನ್ನ ಮಡಿಲಿಗೆ ಇಟ್ಟಳು. ಚನ್ನಬಸಮ್ಮನ ಕುಲಾವಿ ತೊಡಿಸಿದೆ, ಅದು ಮೂಗಿನವರೆಗೆ ಇಳಿಯಿತು. ಕೊಳವೆಯಿಲ್ಲದೆ ಕಿವಿಗೆ ಬಾಯಿಟ್ಟು ಹಾಲಮ್ಮ ಎಂದೆ. ಕುಲಾವಿಯ ಕೆಳಗೆ ಮತ್ತೆ ಹುಬ್ಬು ಏರಿತು. ಗುರುತು ಹಿಡಿದಳು ಎಂದೆ. ಹೊಟ್ಟೆಯಲ್ಲಿ ವಾಯು ಇದ್ದರೂ ಹಾಗೆ ಮಾಡುತ್ತವೆ ಎಂದ ಕೊಟ್ರೇಶಿ. ಓದಿದವರ ಎಲ್ಲ ಮಾತನ್ನೂ ನಾನು ನಂಬುವುದಿಲ್ಲ.

ಮತ್ತೆ ಹೊನ್ನಾಳಿ

ಊರಿಗೆ ಬಂದವಳು ಕೆರೆಬಿಳಚಿಯ ಮನೆಗೂ ಹೋಗದೆ ಮೊದಲು ಹೊನ್ನಾಳಿಗೇ ಹೋದೆ. ಚನ್ನಬಸಮ್ಮ ಒಲೆಯ ಮುಂದಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಮೊಣಕಾಲು ಹಿಡಿದುಕೊಂಡು ಕೇಳಿದಳು. ಗಾಜಿನ ಗೋಡೆ ಎಂದಾಗ ಅವಳ ಹುಬ್ಬು ಏರಿತು.

"ಅಂದ್ರೆ ನೀವು ಹೊರಗೆ, ಕೂಸು ಒಳಗೆ. ಅದು ಕಿವ್ಯಾಗೆ ಕೂಗಿದಂಗೆ ಹೆಂಗಾತು ಬೀಗರೆ?"

ನಾನು ವಾದ ಮಾಡಲಿಲ್ಲ. ಒಲೆಯ ಪಕ್ಕದ ಊದುಗೊಳವೆ ತೆಗೆದುಕೊಂಡೆ. ಒಂದು ತುದಿಯನ್ನು ಅವಳ ಕಿವಿಗೆ ಇಟ್ಟೆ, ಇನ್ನೊಂದಕ್ಕೆ ಅಂಗೈಯನ್ನು ತುತ್ತೂರಿಯ ಹಾಗೆ ಸುತ್ತಿ ಬಾಯಿಟ್ಟೆ. ಅಲ್ಲಿ ಹೇಗೆ ಹೇಳಿದ್ದೆನೋ ಹಾಗೇ ಮೆತ್ತಗೆ ಹೇಳಿದೆ.

"ಕುರ್ರ್, ಹಾಲಮ್ಮ."

ಚನ್ನಬಸಮ್ಮ ಕಣ್ಣು ಮುಚ್ಚಿಕೊಂಡಳು. ಅವಳ ತಾಯಿ ಹೋಗಿ ಎಷ್ಟೋ ವರ್ಷವಾಗಿತ್ತು. ಅಷ್ಟು ಹತ್ತಿರದಲ್ಲಿ ಆ ಹೆಸರನ್ನು ಅವಳಿಗೆ ಯಾರೂ ಹೇಳಿರಲಿಲ್ಲ.  ಆಮೇಲೆ ಕೊಳವೆಯನ್ನು ನನ್ನ ಕೈಯಿಂದ ಬಿಡಿಸದೆ ತಾನೂ ಹಿಡಿದುಕೊಂಡು, ಕಿವಿಗೆ ಇನ್ನೂ ಒತ್ತಿ, "ಇನ್ನೊಂದು ಸಲ ಕೂಗ್ರಿ," ಎಂದಳು.

ಕೂಗಿದೆ. ಕಿವಿಗೂ ಕೆನ್ನೆಗೂ ಒಲೆಯ ಬೂದಿ ಮೆತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.